ಕಚ್ಚಿಟ್ಟ ರೊಟ್ಟಿ

ಅಂಜಿರ್‌ಜೋರ್ ಮೊಹಲ್ಲಾದಲ್ಲಿ ಹೊತ್ತು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಊರಿಗೇ ಚಿಕ್ಕಮ್ಮನಂತಿದ್ದ ರಿಸೊಲತ್ ಖಾಲಾಳ ಬೆಲ್ಲಿಗೆ ಕಿವಿಗೊಡುತ್ತಿದ್ದರು. ಶಾಲೆಯ ಕಾರಿಡಾರಿನಲ್ಲಿ, ಮಕ್ಕಳು ಕೋಟು ನೇತುಹಾಕುವ ಕೋಣೆಯ ಪಕ್ಕ, ಗೋಡೆಯಲ್ಲೊಂದು ಕರಿ ಗುಂಡಿ ಇದೆ. ಅದನ್ನು ಒತ್ತುವ ಹಕ್ಕು ಮೂವತ್ತೊಂದು ವರ್ಷದಿಂದ ಅವಳೊಬ್ಬಳದೇ. ಹೆಡ್‌ಮಿಸ್ಸುಗಳು ನಾಲ್ಕು ಜನ ಬಂದು ಹೋದರು, ತಾಷ್ಕೆಂಟಿನ ಸರ್ಕಾರ ದೇಶದ ಅಕ್ಷರಮಾಲೆಯನ್ನೇ ಬದಲಿಸಿತು, ಗುಂಡಿ ಒತ್ತುವ ಬೆರಳು ಮಾತ್ರ ಬದಲಾಗಲಿಲ್ಲ. ಒತ್ತಿದಳೆಂದರೆ ಅಷ್ಟು ಸುಲಭಕ್ಕೆ ಬಿಡುವವಳೂ ಅಲ್ಲ. ಬಜಾರಿನಲ್ಲಿ ಪಲಾವಿಗೆ ಕ್ಯಾರೆಟ್ ಹೆಚ್ಚುವ ಗಂಡಸು ಕೂಡ ತಲೆಯೆತ್ತಿ, "ಹತ್ತಾಯ್ತು, ಖಾಲಾ ಇನ್ನೂ ಗಟ್ಟಿಯಾಗಿದ್ದಾಳೆ" ಅನ್ನುತ್ತಿದ್ದ.

ಶಾಲೆಯ ಆಯಾ ಅಂದರೆ ಕಸ ಗುಡಿಸುವವಳು, ಅಷ್ಟೇ ಎಂದುಕೊಂಡವರು ಅವಳ ಕೈಗೆ ಸಿಕ್ಕಿಲ್ಲ ಎಂದರ್ಥ. ಕೆಸರು ಬೂಟಿನಲ್ಲಿ ಒಳಗೆ ಕಾಲಿಟ್ಟ ಮಗು ಯಾರದ್ದೇ ಆಗಲಿ, ಮೊಹಲ್ಲಾದ ರಯೀಸ್, ಅಂದರೆ ಅಧ್ಯಕ್ಷ, ಅಬ್ದುವಾಹಿದನ ಮೊಮ್ಮಗನೇ ಆಗಲಿ, ಬಾಗಿಲಲ್ಲೇ ನಿಲ್ಲಿಸಿ, "ನೆಲ ಒರೆಸೋಕೆ ನಿಮ್ಮ ತಾತ ಬರ್ತಾರೇನೋ?" ಎಂದು ಕೇಳಿಯೇ ಬಿಡುತ್ತಿದ್ದಳು. ಆದರೆ ಇದೆಲ್ಲ ಮಕ್ಕಳ ಮುಂದೆ. ದೊಡ್ಡವರ ಮುಂದೆ ಅವಳ ಬಾಯಿಗೆ ಬೀಗ. ಸಭೆ ನಡೆದರೆ ಟೀ ಕೆಟಲು ಹಿಡಿದು ಗೋಡೆಗಂಟಿ ನಿಲ್ಲುವಳು. ಯಾರೋ ಕಪ್ಪು ಎತ್ತಿದರೆ ಸುರಿಯುವಳು. ಮೂವತ್ತೊಂದು ವರ್ಷದಲ್ಲಿ ಒಂದು ಸಭೆಯಲ್ಲೂ ಅವಳು ತುಟಿ ಬಿಚ್ಚಿದ್ದು ಯಾರಿಗೂ ನೆನಪಿಲ್ಲ.

ಅವಳ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಮೊಳೆಗೆ ಒಂದು ರೊಟ್ಟಿ ತೂಗುತ್ತಿತ್ತು. ಇದರಲ್ಲಿ ಹೊಸದೇನಿಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದಾದರೂ ತೂಗುತ್ತದೆ. ಮಗ ಸೈನ್ಯಕ್ಕೆ ಹೊರಟ, ಗಂಡ ರಷ್ಯಕ್ಕೆ ಕೂಲಿಗೆ ಹೊರಟ ಅಂದರೆ ಹೊಸ್ತಿಲು ದಾಟುವ ಮುಂಚೆ ತಂದೂರಿನ ಬಿಸಿ ರೊಟ್ಟಿಯ ದಪ್ಪ ಅಂಚನ್ನು ಒಂದು ಸಲ ಕಚ್ಚಿಸುತ್ತಾರೆ. ಉಳಿದದ್ದನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಕಚ್ಚಿದವನೇ ಬಂದು ತಿನ್ನಬೇಕು. ಅಲ್ಲಿಯವರೆಗೆ ಅದು ಗೋಡೆಯಲ್ಲಿ ಒಣಗಿ ಕಲ್ಲಾಗುತ್ತದೆ. ರಿಸೊಲತ್ ಮನೆಯ ರೊಟ್ಟಿಯ ವಿಶೇಷವೆಂದರೆ, ಅದಕ್ಕೆ ನಲವತ್ತನಾಲ್ಕು ವರ್ಷವಾಗಿತ್ತು.

ಅದನ್ನು ಕಚ್ಚಿದವನು ಅವಳ ತಮ್ಮ ಸೋಲಿ, ಒಂಬತ್ತು ವರ್ಷದ ಹುಡುಗ. ಮಾತು ಕಡಿಮೆ. ಆಡಿದರೆ ಒಂದೇ ಮಾತನ್ನು ಹತ್ತು ಸಲ ಆಡುವನು. ಹೆಸರು ಹಿಡಿದು ಕೂಗಿದರೆ ತಿರುಗುತ್ತಿರಲಿಲ್ಲ. ಡಾಕ್ಟರುಗಳ ಸಮಿತಿಯೊಂದು ಇದೇ ಶಾಲೆಗೆ ಬಂದು, ಅವನನ್ನು ಮೇಜಿನ ಮುಂದೆ ಹತ್ತು ನಿಮಿಷ ನಿಲ್ಲಿಸಿ, ಈ ಹುಡುಗ ಇಲ್ಲಿಗಲ್ಲ ಎಂದು ಬರೆದು, ಇಂಥ ಮಕ್ಕಳನ್ನು ಇಡುವ ದೂರದ ಹಾಸ್ಟೆಲಿಗೆ ಹಾಕಿತು. "ಇದು ಬರೀ ಕಾಗದ ಕಣಮ್ಮ" ಎಂದು ಅಮ್ಮನಿಂದ ಸಹಿ ಹಾಕಿಸಿಕೊಂಡರು. ಕರೆದೊಯ್ಯಲು ಅಮ್ಮನಿಗೆ ಧೈರ್ಯ ಸಾಲಲಿಲ್ಲ. ಹದಿನಾಲ್ಕು ವರ್ಷದ ರಿಸೊಲತಳೇ ಅವನ ಕೈ ಹಿಡಿದು ಬಸ್ಸು ಹತ್ತಿದಳು. ಹೊರಡುವಾಗ ಅಮ್ಮ ಸೈನಿಕನಿಗೆ ಮಾಡುವ ಹಾಗೆ ರೊಟ್ಟಿ ಕಚ್ಚಿಸಿ, "ಕಚ್ಚು ಕಂದಾ, ಕಚ್ಚಿದವರು ಬಂದು ತಿಂದೇ ತಿಂತಾರೆ" ಅಂದಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು "ರೊಟ್ಟಿ, ರೊಟ್ಟಿ" ಎನ್ನುತ್ತಿದ್ದ. ಹಸಿದಿದ್ದಾನೆಂದು ಅವಳು ಚೀಲದಿಂದ ಬೇರೊಂದು ರೊಟ್ಟಿ ತೆಗೆದು ಕೊಟ್ಟಳು. ಅವನು ಅದನ್ನು ನೆಲಕ್ಕೆ ಎಸೆದ. ರೊಟ್ಟಿಯನ್ನು ನೆಲಕ್ಕೆ ಎಸೆಯುವುದು ಎಲ್ಲಾದರೂ ಉಂಟೆ? ಜನರ ಎದುರಿಗೆ ನಾಚಿಕೆಯಾಗಿ ಅವಳು ಅವನ ಕೆನ್ನೆಗೆ ಬಾರಿಸಿದಳು.

ಆ ಚಳಿಗಾಲದಲ್ಲೇ ನ್ಯುಮೋನಿಯಾ ಎಂದು ಕಾಗದ ಬಂತು. ಅಲ್ಲೇ ಹೂತಿದ್ದರು. ಅಮ್ಮ ಬದುಕಿರುವವರೆಗೂ ಆ ರೊಟ್ಟಿಯನ್ನು ಇಳಿಸಲು ಬಿಡಲಿಲ್ಲ, ಆಮೇಲೆ ರಿಸೊಲತಳಿಗೆ ಕೈ ಬರಲಿಲ್ಲ. ಅವನಿಗೇನು ಗೊತ್ತಿತ್ತು ಪಾಪ, ಕಚ್ಚು ಅಂದರು, ಕಚ್ಚಿದ. ಹಾಗೆಂದುಕೊಂಡೇ ಅವಳು ಇಷ್ಟು ವರ್ಷ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ರೊಟ್ಟಿಗೆ ನಲವತ್ತನಾಲ್ಕು ತುಂಬಿದ ವರ್ಷ ಸೆಪ್ಟೆಂಬರಿನಲ್ಲಿ ಒಂದನೇ ತರಗತಿಗೆ ಜಿಲೋಲಾ ಬಂದಳು. ಎರಡು ಜಡೆ, ಜಡೆಗೆ ಎಲೆಕೋಸಿನಷ್ಟು ದೊಡ್ಡ ಬಿಳಿ ರಿಬ್ಬನ್ ಹೂ, ಕಣ್ಣು ಮಾತ್ರ ಯಾರ ಮುಖದ ಮೇಲೂ ನಿಲ್ಲದು. ತಾಯಿ ಮವ್ಜುದಾ ಬಜಾರಿನ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಯೂನಿಫಾರಂ ಹೊಲಿಯುವವಳು, ತಂದೆ ವಸಂತದಲ್ಲಿ ರಷ್ಯಕ್ಕೆ ಹೋದವನು. ಪಟ್ಟಣದ ಡಾಕ್ಟರು ಕೊಟ್ಟ ಚೀಟಿಯಲ್ಲಿ ಆಟಿಸಂ ಎಂದು ಬರೆದಿತ್ತು. ನಮ್ಮ ಮೊಹಲ್ಲಾಕ್ಕೆ ಆ ಶಬ್ದ ಹೊಸದು. ಫೋನಿನಲ್ಲಿ ಪೋಷಕರ ಟೆಲಿಗ್ರಾಂ ಗುಂಪಿನಲ್ಲಿ ಒಬ್ಬಳು, "ಅದು ಅಂಟುತ್ತಾ?" ಎಂದು ಕೇಳಿದಳು. ಇನ್ನೊಬ್ಬಳು, "ಅಂಟಲ್ವಂತೆ. ಆದ್ರೂ ಹುಷಾರಾಗಿರೋದು ಒಳ್ಳೇದು" ಎಂದು ಉತ್ತರ ಕೊಟ್ಟಳು. ಆ ಉತ್ತರಕ್ಕೆ ಹದಿನೇಳು ಜನ ಹೆಬ್ಬೆರಳು ಎತ್ತಿದರು.

ಮೊದಲ ವಾರವೇ ರಿಸೊಲತ್ ಗುಂಡಿ ಒತ್ತಿದಾಗ ಆ ಹುಡುಗಿ ಕಿವಿ ಮುಚ್ಚಿಕೊಂಡು ತರಗತಿಯಿಂದ ಓಡಿ ಗೇಟು ದಾಟಿದಳು. ಹೊರಗೆ ಹತ್ತಿ ತುಂಬಿದ ಲಾರಿಗಳು ಓಡಾಡುವ ರಸ್ತೆ. ರಿಸೊಲತ್ ಕೈಯಲ್ಲಿದ್ದ ಪೊರಕೆಯ ಸಮೇತ ಓಡಿ ಹಿಡಿದು ತಂದಳು. ಮರುವಾರ ಮತ್ತೆ ಹಾಗೇ ಆಯಿತು. ಅದು ಒಂದು ತೊಂದರೆ. ಇನ್ನೊಂದು ತೊಂದರೆ ರೊಟ್ಟಿಯದು. ಬಿಡುವಿನಲ್ಲಿ ಮಕ್ಕಳು ಬುತ್ತಿ ಬಿಚ್ಚಿದರೆ ಜಿಲೋಲಾ ಪಕ್ಕದವಳ ರೊಟ್ಟಿ ತೆಗೆದು ಅಂಚನ್ನು ಒಂದೇ ಒಂದು ಸಲ ಕಚ್ಚಿ ಮತ್ತೆ ಅದೇ ಚೀಲದೊಳಗೆ ಇಡುತ್ತಿದ್ದಳು. ತಿನ್ನುತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ಬಂದವಳೇ ಪಕ್ಕದವಳ ಚೀಲಕ್ಕೆ ಕೈ ಹಾಕಿ ತಡಕುತ್ತಿದ್ದಳು. ಕೈ ಹಿಡಿದು ಬಿಡಿಸಿದರೆ ಕಿರುಚುತ್ತಿದ್ದಳು. ಆ ಕಿರುಚಾಟ ಶುರುವಾದರೆ ಒಂದು ಪೀರಿಯಡ್ ಹೋಯಿತೆಂದೇ ಲೆಕ್ಕ.

ಪಕ್ಕದವಳು ಗವ್ಹರಳ ಮಗಳು. ಗವ್ಹರ್ ಪೋಷಕರ ಸಮಿತಿಯ ಮುಖ್ಯಸ್ಥೆ, ಟೆಲಿಗ್ರಾಂ ಗುಂಪನ್ನು ನಡೆಸುವವಳು. ಅವಳ ಗಂಡ ಕಂಟ್ರ್ಯಾಕ್ಟರ್, ಶಾಲೆಯ ಮುಂದಿನ ಅಂಗಳಕ್ಕೆ ಡಾಂಬರು ಹಾಕಿಸಿದವನು. ಕೆಟ್ಟವಳೆನ್ನಲು ನನಗೆ ಬಾಯಿ ಬರುವುದಿಲ್ಲ. ಅವಳ ಮಗಳು ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವು ಎಂದು ಅಳುತ್ತಿದ್ದದ್ದು ನಿಜ. ಆದರೆ ಅಳುವ ಮಗುವಿಗೆ ಜಾಗ ಬದಲಿಸಿ ಎಂದು ಕೇಳುವ ಬದಲು ಗವ್ಹರ್ ಇನ್ನೊಂದು ಮಗುವನ್ನೇ ಶಾಲೆಯಿಂದ ಹೊರಗೆ ಹಾಕಿ ಎಂದು ಅರ್ಜಿ ಬರೆದಳು. ಜಿಲೋಲಾಳನ್ನು ಮನೆಯಲ್ಲೇ ಕೂರಿಸಿ ಪಾಠ ಹೇಳಿಸುವಂತೆ ಜಿಲ್ಲೆಯ ಸಮಿತಿಗೆ ಶಿಫಾರಸು ಮಾಡಬೇಕು ಎಂದು ಅದರ ಸಾರಾಂಶ. ಮನೆಯಲ್ಲೇ ಪಾಠ ಅಂದರೆ ವಾರಕ್ಕೆರಡು ಸಲ ಟೀಚರು ಮನೆಗೆ ಬರುತ್ತಾರೆ, ಅದೂ ಬಂದರೆ. ಮವ್ಜುದಾ ಹೊಲಿಗೆ ಬಿಟ್ಟು ಮಗಳನ್ನು ಕಾಯಬೇಕು, ಇಲ್ಲ ಬಾಗಿಲಿಗೆ ಬೀಗ ಹಾಕಿ ಹೋಗಬೇಕು.

ಹೆಡ್‌ಮಿಸ್ ದಿಲ್ಫುಜಾಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಡಿಸೆಂಬರಿನಲ್ಲಿ ಮಾದರಿ ಶಾಲೆಯ ತಪಾಸಣೆಗೆ ಪ್ರಾಂತ್ಯದಿಂದ ಜನ ಬರುವವರಿದ್ದರು. ಯಾವ ಮಗುವನ್ನೂ ಶಾಲೆಯಿಂದ ದೂರ ಇಡಬಾರದೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಅದನ್ನು ಚೌಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದರು, ವಾರಕ್ಕೊಮ್ಮೆ ರಿಸೊಲತ್ ಧೂಳು ಒರೆಸುತ್ತಿದ್ದಳು. ರಯೀಸ್ ಅಬ್ದುವಾಹಿದನಿಗೆ ವಸಂತದಲ್ಲಿ ಮತ್ತೆ ಚುನಾವಣೆ. ಅರ್ಜಿಗೆ ತರಗತಿಯ ಮೂವತ್ತು ಮನೆಗಳ ಪೈಕಿ ಇಪ್ಪತ್ತಮೂರು ಸಹಿ ಬಿದ್ದಾಗ ಅವನು, "ಜನಾಭಿಪ್ರಾಯ ಅನ್ನೋದೊಂದಿದೆಯಲ್ಲಮ್ಮ" ಎಂದು ಹೆಡ್‌ಮಿಸ್‌ಗೆ ಫೋನಿನಲ್ಲಿ ಹೇಳಿದನಂತೆ.

ನವೆಂಬರಿನ ಒಂದು ಸೋಮವಾರ ದಿಲ್ಫುಜಾ ರಿಸೊಲತಳನ್ನು ಕೋಣೆಗೆ ಕರೆದು ಕೂರಿಸಿದರು. ಹೆಡ್‌ಮಿಸ್ಸಿನ ಮುಂದೆ ಕೂತದ್ದು ಅವಳಿಗೆ ಅದೇ ಮೊದಲು.

"ಖಾಲಾ, ಆ ಹುಡುಗಿ ಎರಡು ಸಲ ಗೇಟು ದಾಟಿ ಓಡಿದ್ಲು. ನೀವೇ ಹಿಡ್ಕೊಂಡು ಬಂದ್ರಿ. ಹೌದಲ್ವಾ?"

"ಹೌದು."

"ಅಷ್ಟೇ ಬರೆದಿದೆ ಇದ್ರಲ್ಲಿ. ಇಲ್ಲಿ ಸಹಿ ಹಾಕಿ."

"ಇದು ಯಾಕಮ್ಮ?"

"ಅಯ್ಯೋ, ಇದು ಬರೀ ಕಾಗದ ಖಾಲಾ."

ಆ ಮಾತನ್ನು ರಿಸೊಲತ್ ಹಿಂದೆಯೂ ಒಮ್ಮೆ ಕೇಳಿದ್ದಳು. ಆದರೂ ಬರೆದಿದ್ದರಲ್ಲಿ ಸುಳ್ಳಿರಲಿಲ್ಲ, ಎದುರಿಗೆ ಕೂತವರು ಹೆಡ್‌ಮಿಸ್ಸು. ಸಹಿ ಹಾಕಿದಳು. ಹೊರಗೆ ಬಂದು ಬಕೆಟ್ಟಿನ ನೀರಿನಲ್ಲಿ ಕೈ ತೊಳೆದುಕೊಂಡಳು. ಯಾಕೆ ತೊಳೆದೆನೆಂದು ಅವಳಿಗೇ ತಿಳಿಯಲಿಲ್ಲ.

ಮಾರನೆಯ ದಿನ ಬಿಡುವಿನಲ್ಲಿ ಜಿಲೋಲಾ ಕೋಟಿನ ಕೋಣೆಗೆ ಬಂದಳು. ಅಲ್ಲಿ ಸದ್ದು ಕಡಿಮೆ, ಅದಕ್ಕೇ ಆಗಾಗ ಬಂದು ಕೋಟುಗಳ ನಡುವೆ ನಿಲ್ಲುತ್ತಿದ್ದಳು. ಸ್ಟೂಲಿನ ಮೇಲೆ ಬಟ್ಟೆ ಬಿಚ್ಚಿ ಇಟ್ಟಿದ್ದ ರಿಸೊಲತಳ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಅಂಚನ್ನು ಕಚ್ಚಿದಳು. ಕಚ್ಚಿ, ಮತ್ತೆ ಮೊದಲಿನ ಹಾಗೇ ಬಟ್ಟೆಯ ಮೇಲಿಟ್ಟು ಹೊರಟುಹೋದಳು. ಬೈಯಲು ಬಾಯಿ ತೆರೆದ ರಿಸೊಲತ್ ಸ್ಟೂಲಿನತ್ತ ಬಾಗಿ ನೋಡಿದಳು. ರೊಟ್ಟಿಯ ಮೇಲೆ ಆರೋ ಏಳೋ ಪುಟ್ಟ ಹಲ್ಲಿನ ಗುರುತು, ನಡುವೆ ಬಿದ್ದ ಹಾಲುಹಲ್ಲಿನ ಜಾಗ ಖಾಲಿ. ಅವತ್ತು ಅವಳು ಬರೀ ಟೀ ಕುಡಿದು ದಿನ ಕಳೆದಳು. ಮಗು ಕಚ್ಚಿಟ್ಟ ರೊಟ್ಟಿಯನ್ನು ಮುರಿದು ತಿನ್ನಲು ಅವಳ ಕೈಗೆ ಅಭ್ಯಾಸವಿರಲಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಹಲಗೆಯಲ್ಲಿ ಇಟ್ಟು ಮನೆಗೆ ಹೋದಳು.

ಬುಧವಾರ ಬೆಳಿಗ್ಗೆ ಜಿಲೋಲಾ ತರಗತಿಗೆ ಹೋಗಲಿಲ್ಲ. ನೆಟ್ಟಗೆ ಕೋಟಿನ ಕೋಣೆಗೆ ಬಂದಳು. ಸ್ಟೂಲು ನೋಡಿದಳು, ಖಾಲಿ. ಅವಳ ಕೈಗಳು ಅಲುಗಾಡತೊಡಗಿದವು, ಗಂಟಲಿನಲ್ಲಿ ಆ ಕಿರುಚು ಹತ್ತಿ ಬರುತ್ತಿತ್ತು. ರಿಸೊಲತ್ ಬೀರು ತೆಗೆದು ಬಟ್ಟೆ ಬಿಚ್ಚಿ ರೊಟ್ಟಿ ಮುಂದೆ ಹಿಡಿದಳು. ಹುಡುಗಿ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸ್ಟೂಲಿನ ಮೇಲೆ ಕೂತು, ಕಚ್ಚಿದ ಜಾಗದಿಂದಲೇ ಶುರುಮಾಡಿ, ನಿನ್ನೆಯ ಆ ಗಟ್ಟಿ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದು ಮುಗಿಸಿದಳು.

"ಬಂದೆ," ಅಂದಳು ಗೋಡೆಗೆ. ಎದ್ದು ತರಗತಿಗೆ ಹೋದಳು. ಅವತ್ತು ಕಿರುಚಾಟವಿಲ್ಲ.

ಗುರುವಾರ ಸಂಜೆ ರಿಸೊಲತ್ ಮವ್ಜುದಾಳ ಮನೆಗೆ ಹೋದಳು. ಒಳಗೆ ಕಾಲಿಡುತ್ತಲೇ ಫ್ರಿಡ್ಜಿನ ಮೇಲುಗಡೆ ಮೊಳೆಗೆ ತೂಗುತ್ತಿದ್ದ ರೊಟ್ಟಿ ಕಣ್ಣಿಗೆ ಬಿತ್ತು.

"ಅವರಪ್ಪಂದು ಖಾಲಾ," ಎಂದಳು ಮವ್ಜುದಾ. "ಮಾರ್ಚಲ್ಲಿ ಕಚ್ಚಿಟ್ಟು ಹೋದ್ರು. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಅಂತ ಇವಳು ಬಾಗಿಲು ಬಿಟ್ಟು ಕದಲ್ತಿರಲಿಲ್ಲ. ನೋಡು, ರೊಟ್ಟಿ ಕಚ್ಚಿದ್ದಾರಲ್ಲ, ಕಚ್ಚಿದವರು ಬಂದು ತಿಂದೇ ತಿಂತಾರೆ ಅಂದೆ. ಸುಮ್ಮನಾದ್ಲು. ದಿನಾ ಒಂದ್ಸಲ ನೋಡ್ಕೋತಾಳೆ."

"ಸ್ಕೂಲಲ್ಲಿ ಕಚ್ಚೋದು ಯಾವಾಗ ಶುರುವಾಯ್ತು?"

"ಮೊದಲನೇ ದಿನಾನೇ ಅಂತೆ. ಗವ್ಹರ್ ಹೇಳಿದ ದಿನ ನಾನು ಇವಳಿಗೆ ಹೊಡೆದೆ ಖಾಲಾ. ರೊಟ್ಟಿಗೆ ಅವಮಾನ ಮಾಡ್ತಾಳೆ ಅಂತ."

ರಿಸೊಲತ್ ಆ ಮನೆಯ ಟೀ ಕುಡಿಯದೆ ಎದ್ದಳು. ಶುಕ್ರವಾರವಿಡೀ ನೆಲ ಒರೆಸುತ್ತ ತನ್ನೊಳಗೇ ಮಾತನಾಡಿಕೊಳ್ಳುತ್ತಿದ್ದಳು. ಹತ್ತು ಗಂಟೆಯ ಬೆಲ್ಲು ಹತ್ತೂ ಹತ್ತಕ್ಕೆ ಆಯಿತು.

ಶನಿವಾರ ಪಾಠ ಮುಗಿದ ಮೇಲೆ ದೊಡ್ಡ ಹಾಲಿನಲ್ಲಿ ಸಭೆ. ವೇದಿಕೆಯ ಮೇಜಿನ ಹಿಂದೆ ರಯೀಸ್, ದಿಲ್ಫುಜಾ, ಗವ್ಹರ್. ಕೆಳಗೆ ತಾಯಂದಿರು, ಕೆಲವರ ಜೊತೆ ಅತ್ತೆಯರು. ಮೊಹಲ್ಲಾದ ಸಭೆಗೆ ಅತ್ತೆಯರನ್ನು ಬರಬೇಡಿ ಅನ್ನುವ ಗಂಡೆದೆ ಇನ್ನೂ ಹುಟ್ಟಿಲ್ಲ. ಮವ್ಜುದಾ ಕೊನೆಯ ಸಾಲಿನಲ್ಲಿ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ರಿಸೊಲತ್ ಕೆಟಲು ಹಿಡಿದು ಗೋಡೆಗಂಟಿ ನಿಂತಿದ್ದಳು.

ದಿಲ್ಫುಜಾ ಅರ್ಜಿ ಓದಿದರು. ಬೆಲ್ಲಿಗೆ ಹೆದರಿ ಓಡುವುದು, ಬೇರೆ ಮಕ್ಕಳ ರೊಟ್ಟಿ ಎಂಜಲು ಮಾಡುವುದು, ಚೀಲ ತಡಕುವುದು, ಕಾರಣವಿಲ್ಲದೆ ಕಿರುಚುವುದು, ಎಲ್ಲ ಬಂತು. ಗೇಟು ದಾಟಿದ್ದಕ್ಕೆ ಸಾಕ್ಷಿ ಶಾಲೆಯ ಆಯಾ, ಸಹಿ ಇದೆ ಎಂದೂ ಬಂತು. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅನ್ನುವ ಹಾಗೆ, ಹುಡುಗಿ ರಾಷ್ಟ್ರಗೀತೆಯ ಸಾಲಿನಲ್ಲಿ ಹಾಡುವುದಿಲ್ಲ ಎಂಬುದೂ ಒಂದು ದೂರು.

"ಹಾಗಾದ್ರೆ ಕೈ ಎತ್ತೋರು ಎತ್ತಿ, ಮುಗಿಸಿಬಿಡೋಣ," ಅಂದ ರಯೀಸ್.

"ನಂದೊಂದು ಮಾತಿದೆ," ಎಂದಳು ರಿಸೊಲತ್.

ರಯೀಸ್ ತಲೆಯೆತ್ತದೆ, "ಟೀ ಆಮೇಲೆ ಕೊಡಿ ಖಾಲಾ" ಅಂದ.

"ಟೀ ಅಲ್ಲ. ಮಾತು."

ಗೋಡೆಯೇ ಮಾತಾಡಿದಂತೆ ಜನ ತಿರುಗಿ ನೋಡಿದರು. ಅವಳು ಕೆಟಲನ್ನು ಕೆಳಗಿಡುವುದನ್ನು ಮರೆತು ಹಿಡಿದೇ ಮಾತಾಡಿದಳು.

"ಆ ಮಗು ಓಡಿದ್ದು ನಿಜ. ಓಡಿಸಿದೋಳು ನಾನು. ಆ ಗುಂಡಿ ಮೇಲೆ ಅಷ್ಟು ಹೊತ್ತು ಬೆರಳು ಇಡು ಅಂತ ಯಾರೂ ನಂಗೆ ಹೇಳಿಲ್ಲ, ನನ್ನ ಜಂಬಕ್ಕೆ ನಾನು ಇಡ್ತಿದ್ದೆ. ಆ ಕಾಗದದಲ್ಲಿ ಅದೂ ಬರೀಬೇಕಿತ್ತು."

"ಖಾಲಾ, ನಿಮ್ಮ ಸಹಿ ಇಲ್ಲೇ ಇದೆ," ಎಂದಳು ಗವ್ಹರ್.

"ಇದೆ. ತಪ್ಪಾಯ್ತು. ಈಗ ರೊಟ್ಟಿ ವಿಷಯ ಹೇಳ್ತೀನಿ, ಕೇಳಿ." ಮಂಗಳವಾರದ್ದು, ಬುಧವಾರದ್ದು, ಮವ್ಜುದಾಳ ಮನೆಯ ಫ್ರಿಡ್ಜಿನ ಮೇಲಿನದ್ದು, ಎಲ್ಲವನ್ನೂ ಹೇಳಿದಳು. "ಆ ಮಗು ಎಂಜಲು ಮಾಡ್ತಿಲ್ಲ. ನಾಳೆ ಬರ್ತೀನಿ ಅಂತ ಕಚ್ಚಿಡ್ತಿದೆ. ನಾವೇ ಕಲಿಸಿದ್ದಲ್ವಾ ಅದು? ಬೆಳಿಗ್ಗೆ ಬಂದು ತನ್ನ ರೊಟ್ಟಿ ಹುಡುಕುತ್ತೆ. ಇರಲ್ಲ. ನೀವು ಮೂರು ವರ್ಷ ಪರದೇಶದಲ್ಲಿ ದುಡಿದು ಮನೆಗೆ ಬಂದಾಗ ಗೋಡೆ ಮೇಲೆ ನಿಮ್ಮ ರೊಟ್ಟಿ ಇಲ್ಲ ಅಂದ್ರೆ ನಿಮಗೇನನ್ಸುತ್ತೆ? ಕಿರುಚಲ್ವಾ? ಆ ಮಗೂಗೆ ಎಲ್ಲಾ ಅರ್ಥ ಆಗಿದೆ. ಎಲ್ಲಾ..." ಅಷ್ಟು ಹೇಳಿ ಅವಳ ನಾಲಿಗೆ ತಡೆಯಿತು.

"ಕಥೆ ಚೆನ್ನಾಗಿದೆ," ಎಂದಳು ಗವ್ಹರ್. ದನಿ ಒರಟಾಗಿದ್ದರೂ ಮುಖ ಸ್ವಲ್ಪ ಕೆಂಪಾಗಿತ್ತು. "ಅವಳು ಕಚ್ಚಿದ್ದನ್ನೆಲ್ಲ ಗೋಡೆಗೆ ನೇತು ಹಾಕೋಕೆ ನಮ್ಮನೆ ಏನು ಮ್ಯೂಸಿಯಮ್ಮಾ? ನಮ್ಮ ಕರುವಿಗೆ ಹಾಕ್ತೀವಿ, ಅಷ್ಟೆ."

"ಏನೇ ಅಂದೆ? ಕರುವಿಗಾ?"

ಎರಡನೇ ಸಾಲಿನಿಂದ ಎದ್ದವಳು ಹೊಸಿಯತ್ ಬುವಿ, ಅಂದರೆ ಹೊಸಿಯತ್ ಅಜ್ಜಿ. ಗವ್ಹರಳ ಅತ್ತೆ, ಎಪ್ಪತ್ತೆಂಟು ವರ್ಷ, ಕಿವಿ ಅರ್ಧ ಮಂದ, ದನಿ ಮಾತ್ರ ಪೂರ್ತಿ.

"ಮೂರು ರೊಟ್ಟಿ ಗೋಡೇಲಿ ತೂಗಾಡ್ತಿದಾವೆ. ಕಣ್ಣಿಗೆ ಬೀಳ್ಲಿಲ್ವಾ ನಿಂಗೆ? ಅಡುಗೆಮನೆಗೆ ಕಾಲಿಟ್ರೆ ತಾನೇ ಬೀಳೋದು!"

"ಅತ್ತೆ, ಆಮೇಲೆ ಮಾತಾಡೋಣ..."

"ಈಗ್ಲೇ ಮಾತಾಡ್ತೀನಿ. ಮೊಮ್ಮಗಳ ಚೀಲದಲ್ಲಿ ಕಚ್ಚಿದ ರೊಟ್ಟಿ ಸಿಕ್ತು. ಒಂದಲ್ಲ, ಮೂರು. ನನ್ನ ಮಗ ಸೊಸೆ ಮಗೂನ ತಾಷ್ಕೆಂಟ್ ಸ್ಕೂಲಿಗೆ ಹಾಕ್ತಿದಾರೆ, ನನಗೆ ಒಂದು ಮಾತು ಹೇಳದೆ ಕದ್ದುಮುಚ್ಚಿ ಕಚ್ಚಿಸಿಬಿಟ್ರು ಅಂತ ತಿಳ್ಕೊಂಡು, ನಾನೇ ಅತ್ಕೊಂಡು ನೇತು ಹಾಕ್ದೆ. ಹದಿನೈದು ದಿನದಿಂದ ನಿನ್ನ ಜೊತೆ ಮಾತು ಬಿಟ್ಟಿದೀನಿ ಕಣೇ!"

ಗವ್ಹರ್ ಬಾಯಿ ಬಿಟ್ಟು ನೋಡಿದಳು. "ಮಾತು ಬಿಟ್ಟಿದ್ರಾ?"

"ನೋಡಿ, ಅದೂ ಗೊತ್ತಾಗಿಲ್ಲ ಇವಳಿಗೆ!"

ಸಭೆಗೆ ಸಭೆಯೇ ನಕ್ಕಿತು. ಮವ್ಜುದಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ಮುದುಕಿ ನಗಲಿಲ್ಲ. ನಗು ಇಳಿಯುವವರೆಗೆ ಕಾದು, ವೇದಿಕೆಯ ಕಡೆ ಬೆರಳು ಮಾಡಿದಳು.

"ಅಬ್ದುವಾಹಿದ್, ನೀನು ಸೈನ್ಯಕ್ಕೆ ಹೋದಾಗ ನಿಮ್ಮಮ್ಮ ರೊಟ್ಟಿ ನೇತು ಹಾಕಿದ್ದು ನಾನು ಕಂಡಿದೀನಿ. ಬಂದು ತಿಂದ್ಯೋ ಇಲ್ವೋ?"

"ತಿಂದೆ, ಬುವಿ," ಅಂದ ರಯೀಸ್, ತರಗತಿಯಲ್ಲಿ ಎದ್ದು ನಿಂತ ಹುಡುಗನಂತೆ.

"ಹಾಗಾದ್ರೆ ಆ ಮಗೂದು ಮೂರು ರೊಟ್ಟಿ ನನ್ನ ಗೋಡೇಲಿದೆ. ಮೂರು ಸಲ ಬರ್ತೀನಿ ಅಂದಿದೆ. ಬರೋಳನ್ನ ಬರಬೇಡ ಅನ್ನೋ ಕಾಗದಕ್ಕೆ ನಮ್ಮನೆ ಹೆಸರು ಬೇಡ. ಅನ್ನದ ಋಣ ಅದು, ಆಟ ಅಲ್ಲ. ನಮ್ಮನೆ ಸಹಿ ಹೊಡೆದುಹಾಕು."

ಆಮೇಲೆ ಇನ್ನಿಬ್ಬರು ಅತ್ತೆಯರು ಎದ್ದರು. ಅವರ ಮನೆಯ ರೊಟ್ಟಿಯನ್ನು ಆ ಹುಡುಗಿ ಮುಟ್ಟಿಯೂ ಇರಲಿಲ್ಲ, ಆದರೆ ಹೊಸಿಯತಳಿಗಿಂತ ಧರ್ಮದಲ್ಲಿ ಹಿಂದೆ ಬೀಳಲು ಯಾರಿಗಿಷ್ಟ? ರಯೀಸ್ ಗಾಳಿ ಬಂದ ಕಡೆ ತೂರಿಕೊಳ್ಳುವುದರಲ್ಲಿ ಪಳಗಿದವನು. ಅತ್ತೆಯರ ವೋಟು ಎಷ್ಟು, ಅತ್ತೆಯರು ಹೇಳಿದ ಕಡೆ ಬೀಳುವ ವೋಟು ಎಷ್ಟು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. "ಈ ವರ್ಷ ಮುಗೀಲಿ, ಆಮೇಲೆ ನೋಡೋಣ" ಎಂದ. ಅಲ್ಲಿಗೆ ಸಭೆ ಮುಗಿಯಿತು.

ಇದರಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನಾಲ್ಕು ತಾಯಂದಿರು ಮಕ್ಕಳನ್ನು ಪಕ್ಕದ ಸೆಕ್ಷನ್ನಿಗೆ ಹಾಕಿಸಿಕೊಂಡರು. ಗವ್ಹರಳ ಮಗಳ ಜಾಗ ಬದಲಿಸಿದರು, ಹೊಟ್ಟೆನೋವು ನಿಂತಿತು, ಆದರೆ ಗವ್ಹರ್ ಈಗಲೂ ರಿಸೊಲತಳಿಗೆ ಸಲಾಂ ಹೇಳುವುದಿಲ್ಲ. ಜಿಲೋಲಾ ಈಗಲೂ ಕೆಲವು ದಿನ ಕಿರುಚುತ್ತಾಳೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ರೊಟ್ಟಿಯೊಂದು ತಿಳಿಯಿತು, ಎಲ್ಲವೂ ತಿಳಿಯಬೇಕೆಂದರೆ ಹೇಗೆ? ಬೆಲ್ಲಿನ ಬಟ್ಟಲಿಗೆ ರಿಸೊಲತ್ ಹಳೆಯ ಕೋಟಿನ ಉಣ್ಣೆ ಬಟ್ಟೆ ಸುತ್ತಿದಳು, ಈಗ ಅದು ಕೆಮ್ಮಿದ ಹಾಗೆ ಬಾರಿಸುತ್ತದೆ. ಬಜಾರಿನವರಿಗೆ ಕೇಳುವುದಿಲ್ಲ, ಖಾಲಾಗೆ ವಯಸ್ಸಾಯಿತು ಎಂದುಕೊಂಡಿದ್ದಾರೆ. ಡಿಸೆಂಬರಿನಲ್ಲಿ ತಪಾಸಣೆಗೆ ಬಂದ ಅಧಿಕಾರಿ ಒಂದನೇ ತರಗತಿಯ ಗೋಡೆಯಲ್ಲಿ ಮೊಳೆಗೆ ರೊಟ್ಟಿ ತೂಗುತ್ತಿದ್ದದ್ದು ಕಂಡು ಇದೇನೆಂದು ಕೇಳಿದ. ದಿಲ್ಫುಜಾ, "ನಮ್ಮ ಒಬ್ಬ ವಿದ್ಯಾರ್ಥಿನಿ ನಾಳೆ ಬರ್ತಾಳೆ ಸಾರ್" ಎಂದರಂತೆ. ಮಾದರಿ ಶಾಲೆಯ ಪಟ್ಟ ಬೇರೆ ಶಾಲೆಗೆ ಹೋಯಿತು.

ಆದರೆ ಇದೆಲ್ಲ ಆಮೇಲಿನ ಮಾತು. ಸಭೆಯಾದ ಶನಿವಾರ ಸಂಜೆ ರಿಸೊಲತ್ ಮನೆಗೆ ಬಂದು ಕೋಟನ್ನೂ ಬಿಚ್ಚದೆ ಅಡುಗೆಕೋಣೆಯ ಗೋಡೆಯ ಮುಂದೆ ನಿಂತಳು. ಸಭೆಯಲ್ಲಿ ನಾಲಿಗೆಗೆ ಅಡ್ಡ ಬಂದ ಮಾತು ಈಗ ಪೂರ್ತಿಯಾಗಿ ಬಂತು. ಎಲ್ಲಾ ಅರ್ಥ ಆಗಿತ್ತು. ಸೋಲಿಗೂ ಎಲ್ಲಾ ಅರ್ಥ ಆಗಿತ್ತು. ಬಸ್ಸಿನಲ್ಲಿ ಅವನು ಕೇಳುತ್ತಿದ್ದದ್ದು ಚೀಲದ ರೊಟ್ಟಿಯನ್ನಲ್ಲ, ಇದನ್ನು. ಅಮ್ಮ ಹೇಳಿದ್ದನ್ನು ನಂಬಿ, ನನ್ನ ರೊಟ್ಟಿ ಅಲ್ಲೇ ಇರುತ್ತದೆ ತಾನೆ, ನಾನು ವಾಪಸು ಬರುತ್ತೇನೆ ತಾನೆ ಎಂದು ಅಕ್ಕನನ್ನು ಕೇಳುತ್ತಿದ್ದ. ಅದಕ್ಕೆ ಅವಳು ಕೊಟ್ಟ ಉತ್ತರ ಕೆನ್ನೆಗೆ ಏಟು.

ಅವಳು ಮೊಳೆಯಿಂದ ಆ ರೊಟ್ಟಿಯನ್ನು ಇಳಿಸಿ ಎದೆಗೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಇಟ್ಟಿಗೆಯಂತಾಗಿದ್ದ ಅಂಚಿನಲ್ಲಿ ಒಂಬತ್ತು ವರ್ಷದ ಹುಡುಗನ ಹಲ್ಲಿನ ಗುರುತು ಇನ್ನೂ ಸ್ಪಷ್ಟವಾಗಿತ್ತು.

"ಬರ್ತೀನಿ ಅಂತ ಕಚ್ಚಿದ್ದೆ ಕಣೋ ನೀನು," ಎಂದಳು ಜೋರಾಗಿಯೇ. "ಕರ್ಕೊಂಡು ಬರಬೇಕಾಗಿದ್ದೋರು ನಾವು."

ಎಷ್ಟೋ ಹೊತ್ತು ಅತ್ತಳು. ಅತ್ತು ಮುಗಿದ ಮೇಲೆ ರೊಟ್ಟಿಯನ್ನು ಅದೇ ಮೊಳೆಗೆ ಹಾಕಿದಳು. ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವಾಗ ಕೋಟಿನ ಒಂದು ಜೇಬಿಗೆ ಸುತ್ತಿಗೆ, ಇನ್ನೊಂದು ಜೇಬಿಗೆ ಹೊಸದೊಂದು ಮೊಳೆ ಹಾಕಿಕೊಂಡಳು.